ಮನೆಯೂಟ ತಿಂದು ನಾಯಿ ಕಾಯಿಲೆ ಬಿದ್ದರೆ

ಈ ಪುಟದಲ್ಲಿ ಸಾಮಾನ್ಯವಾಗಿ ಅಡಿಕೆಯ ಕೊಳೆರೋಗ, ಕಾಫಿಯ ಕಾಂಡಕೊರಕ, ಬೋರ್ಡೋ ದ್ರಾವಣ ಇಂಥ ವಿಷಯಗಳೇ ಬರುವುದು ವಾಡಿಕೆ. ಈ ಸಾರಿ ನಾಯಿಯ ಬಗ್ಗೆ ಬರೆಯುತ್ತಿದ್ದೇವೆ. ನಾಯಿಯೂ ತೋಟದ ಬಾಬ್ತೇ ಎಂದು ಸದಸ್ಯರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕಣದಲ್ಲಿ ಕಾಫಿ ಹರವಿದ ರಾತ್ರಿಗಳಲ್ಲಿ, ಅಂಗಳದಲ್ಲಿ ಅಡಿಕೆ ಒಣಗುವ ದಿನಗಳಲ್ಲಿ ಎಚ್ಚರವಾಗಿರುವ ಜೀವ ಅದೊಂದೇ. ಹಂದಿ ಬೇಲಿ ದಾಟಿದ್ದು ಮೊದಲು ಗೊತ್ತಾಗುವುದು ಅದಕ್ಕೆ. ಹೀಗಿದ್ದರೂ ಅದರ ಊಟದ ಮಾತು ಬಂದಾಗ ನಮ್ಮದು ಒಂದೇ ಲೆಕ್ಕ: ಉಳಿದದ್ದು ನಾಯಿಗೆ. ಹಳಸಿದ್ದು, ತಳ ಹಿಡಿದದ್ದು, ಖಾರ ಹೆಚ್ಚಾದದ್ದು, ಎಲೆಯಲ್ಲಿ ಬಿಟ್ಟದ್ದು, ಎಲ್ಲವೂ ಅದರ ಪಾಲಿಗೆ. ನಾಯಿಯ ಹೊಟ್ಟೆ ಕಬ್ಬಿಣದ್ದು ಎಂಬ ನಂಬಿಕೆ ಬೇರೆ.

ನಾವೂ ಹಾಗೆಯೇ ನಂಬಿದ್ದೆವು. ಮೂರು ವರ್ಷದ ಹಿಂದೆ ಕೊಯ್ಲು ಮುಗಿದ ಮೇಲೆ ನಮ್ಮ ಮನೆಯಲ್ಲಿ ಒಂದು ಸಮಾರಂಭ ನಡೆಯಿತು. ಇನ್ನೂರು ಎಲೆಯ ಊಟ. ಸಾಯಂಕಾಲ ಪಾತ್ರೆ ಖಾಲಿ ಮಾಡುವಾಗ ಅಡಿಗೆಯವರು ಪಲಾವಿನ ತಳ, ಉಳಿದ ಈರುಳ್ಳಿ ಗೊಜ್ಜು, ಹೆಚ್ಚಿಟ್ಟು ಮಿಕ್ಕಿದ್ದ ಈರುಳ್ಳಿ ಎಲ್ಲವನ್ನೂ ಒಂದು ಬಾನಿಗೆ ಸುರಿದು ಕೊಟ್ಟಿಗೆಯ ಹಿಂದೆ ಇಟ್ಟರು. ದನಕ್ಕೆ ಹಾಕಬೇಕೋ ಗುಂಡಿಗೆ ಹಾಕಬೇಕೋ ಎಂದು ನಾವು ನಿಶ್ಚಯಿಸುವ ಮೊದಲೇ ನಮ್ಮ ಕರಿಯ ನಿಶ್ಚಯಿಸಿಬಿಟ್ಟಿತ್ತು. ಬೆಳಿಗ್ಗೆ ನೋಡಿದರೆ ಬಾನಿ ಅರ್ಧ ಖಾಲಿ. ನಾಯಿ ಒಂದು ಸಾರಿ ವಾಂತಿ ಮಾಡಿ, ನೀರು ಕುಡಿದು, ಬಿಸಿಲಿನಲ್ಲಿ ಮಲಗಿತ್ತು. ನಾವೆಲ್ಲ ನಕ್ಕೆವು.

ಎರಡು ದಿನ ಏನೂ ಇಲ್ಲ. ಮೂರನೆಯ ದಿನ ತಟ್ಟೆಯ ಹತ್ತಿರ ಬರಲಿಲ್ಲ. ನಾಲ್ಕನೆಯ ದಿನ ನಾಲ್ಕು ಹೆಜ್ಜೆ ನಡೆದು ಏದುಸಿರು ಬಿಟ್ಟು ಕೂತಿತು. ನಮ್ಮ ಅತ್ತಿಗೆ ಒಗೆಯುವ ಕಲ್ಲಿನ ಪಕ್ಕ ನಿಂತವರು ಕೂಗಿದರು: “ನೋಡಿ ಭಾವ, ಇದು ಉಚ್ಚೆ ಹೊಯ್ದದ್ದು ಡಿಕಾಕ್ಷನ್ ಬಣ್ಣಕ್ಕಿದೆ!” ಆಗ ಜೀಪಿಗೆ ಹಾಕಿಕೊಂಡು ಹೊರಟೆವು. ಡಾಕ್ಟರು ಮೊದಲು ತುಟಿ ಎತ್ತಿ ಒಸಡು ನೋಡಿದರು. ಬಿಳಿ ಕಾಗದದ ಹಾಗೆ ಇತ್ತು. ಉಣ್ಣೆ ಜ್ವರವಿರಬಹುದೆಂದು ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ, “ಏನ್ರೀ, ಇದಕ್ಕೆ ಈರುಳ್ಳಿ ಏನಾದರೂ ಹಾಕಿದ್ದಿರಾ?” ಎಂದರು. ನಾವು ಇಲ್ಲವೆಂದೆವು. ನಾಲ್ಕು ದಿನದ ಹಿಂದಿನ ಬಾನಿ ನಮಗೆ ನೆನಪಾದದ್ದು ಅವರು ಎರಡನೆಯ ಸಲ ಕೇಳಿದ ಮೇಲೆ.

ಕರಿಯ ಬದುಕಿತು. ಆದರೆ ಮೂರು ವಾರ ಅದು ಬೊಗಳಲಿಲ್ಲ. ಆ ಮೂರು ವಾರದಲ್ಲಿ ಡಾಕ್ಟರನ್ನು ಕೇಳಿ, ಪುಸ್ತಕ ನೋಡಿ ನಾವು ಕಲಿತದ್ದನ್ನು ಸದಸ್ಯರ ಮುಂದೆ ಇಡುತ್ತಿದ್ದೇವೆ.

ಈರುಳ್ಳಿ ಮತ್ತು ದ್ರಾಕ್ಷಿ

ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಮ್ಮ ರಕ್ತಕ್ಕೆ ಅದರಿಂದ ಬಾಧೆಯಿಲ್ಲ, ನಾಯಿ ಬೆಕ್ಕುಗಳ ರಕ್ತಕ್ಕೆ ಉಂಟು. ಬೇಯಿಸಿದರೂ, ಹುರಿದರೂ, ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ನಾಯಿಯ ತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ರಕ್ತದಲ್ಲಿ ವ್ಯತ್ಯಾಸ ಕಾಣಿಸಲು ಸಾಕು. ಅಂದರೆ 20 ಕಿಲೋ ತೂಗುವ ನಾಯಿಗೆ 300 ಗ್ರಾಂ, ಮೂರು ದೊಡ್ಡ ಗೆಡ್ಡೆ. ಒಂದು ತುಂಡು ಈರುಳ್ಳಿ ಬಿದ್ದ ಸಾರಿನ ಅನ್ನಕ್ಕೆ ಗಾಬರಿ ಬೇಡ. ಗಾಬರಿಯಾಗಬೇಕಾದದ್ದು ಸಮಾರಂಭದ ಬಾನಿಗೆ. ಇದರಲ್ಲಿ ಮೋಸವಿರುವುದು ದಿನಗಳ ಅಂತರದಲ್ಲಿ. ತಿಂದ ದಿನ ಹೊಟ್ಟೆ ಕೆಟ್ಟು ಸುಧಾರಿಸಿದ ಹಾಗೆ ಕಾಣುತ್ತದೆ. ಒಸಡು ಬಿಳಿಚುವುದು, ಮೂತ್ರ ಕಪ್ಪಾಗುವುದು ಒಂದರಿಂದ ಐದು ದಿನಗಳ ಮೇಲೆ. ಅಷ್ಟರಲ್ಲಿ ತಿಂದದ್ದು ಮನೆಯವರಿಗೆ ಮರೆತಿರುತ್ತದೆ. ನಮಗೆ ಆದದ್ದು ಅದೇ.

ದ್ರಾಕ್ಷಿಯ ಕಥೆ ಇನ್ನೂ ವಿಚಿತ್ರ. ಹಸಿ ದ್ರಾಕ್ಷಿಯಾಗಲಿ, ಪಾಯಸಕ್ಕೆ ಹಾಕುವ ಒಣದ್ರಾಕ್ಷಿಯಾಗಲಿ ಕೆಲವು ನಾಯಿಗಳ ಮೂತ್ರಪಿಂಡವನ್ನು ಒಂದರಿಂದ ಮೂರು ದಿನದೊಳಗೆ ಕೆಡಿಸಿಬಿಡುತ್ತದೆ. ಒಂದು ನಾಯಿ ಹಿಡಿಯಷ್ಟು ತಿಂದು ಸುಖವಾಗಿರುತ್ತದೆ, ಇನ್ನೊಂದು ಅದಕ್ಕಿಂತ ಕಡಿಮೆ ತಿಂದು ಸಾಯುತ್ತದೆ. ಇಷ್ಟರವರೆಗೆ ಅಪಾಯವಿಲ್ಲ ಎಂಬ ಅಳತೆಯೇ ಇದಕ್ಕಿಲ್ಲ. ಕಾರಣ ಬಹಳ ಕಾಲ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಸೂಚಿಸಿದರು. 2022ರಲ್ಲಿ, ಹುಣಸೆಹಣ್ಣು ತಿಂದ ನಾಯಿಗಳಲ್ಲಿಯೂ ಅದೇ ಬಗೆಯ ಮೂತ್ರಪಿಂಡದ ಹಾನಿ ಕಂಡದ್ದನ್ನು ವರದಿ ಮಾಡಿದರು. ಹುಣಸೆಯಲ್ಲಿ ಆ ಆಮ್ಲ ಧಾರಾಳವಾಗಿದೆ. ಇದು ನಮ್ಮ ಕಡೆಯ ಮನೆಗಳಿಗೆ ಮುಖ್ಯವಾದ ಮಾತು. ಹುಣಸೆಹಣ್ಣು ಕುಟ್ಟಿ ಬೀಜ ತೆಗೆದು ಬುಟ್ಟಿ ತುಂಬುವ ಕಾಲದಲ್ಲಿ ಮರಿನಾಯಿ ಅದರ ಸುತ್ತ ಸುಳಿಯದಂತೆ ನೋಡಬೇಕು. ಗೊಜ್ಜು, ಹುಳಿಯನ್ನದ ಗಟ್ಟಿ ಹುಳಿ ಇವನ್ನೂ ತಟ್ಟೆಗೆ ಹಾಕದಿರುವುದು ಮೇಲು.

ಮನೆಯಲ್ಲಿ ವೈನ್ ಮಾಡುವ ಕೊಡಗಿನ ಸದಸ್ಯರಿಗೆ ಇಲ್ಲೇ ಒಂದು ಮಾತು. ಸೋಸಿದ ಮೇಲೆ ಉಳಿಯುವ ದ್ರಾಕ್ಷಿಯ ಹಿಂಡಿಯಲ್ಲಿ ದ್ರಾಕ್ಷಿಯೂ ಇದೆ, ಮದ್ಯಸಾರವೂ ಇದೆ. ಸಿಹಿ ವಾಸನೆಗೆ ನಾಯಿ ಬಂದೇ ಬರುತ್ತದೆ. ಗುಂಡಿ ತೆಗೆದು ಮುಚ್ಚಿ.

ನಮ್ಮ ಬೆಳೆಯೇ ಆದ ಕಾಫಿ, ಅಡಿಕೆ, ಕೋಕೋ

ಕಾಫಿ ಕುಡಿದ ಲೋಟದ ತಳವನ್ನು ನಾಯಿ ನೆಕ್ಕಿದರೆ ಏನೂ ಆಗುವುದಿಲ್ಲ. ತೊಂದರೆ ಬರುವುದು ಪುಡಿಯಿಂದ. ಇದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಬೆಳೆಗಾರರಾದ ನಮಗೆ ಈ ಅಂಕಿಗಳು ಹೊಸವಲ್ಲ. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇಕಡಾ 1ರಿಂದ 1.2, ರೊಬಸ್ಟಾದಲ್ಲಿ ಸುಮಾರು 2. ಹುರಿದರೆ ಅದು ಹೆಚ್ಚೇನೂ ಕಡಿಮೆಯಾಗುವುದಿಲ್ಲ. ನಾಯಿಯ ತೂಕದ ಕಿಲೋ ಒಂದಕ್ಕೆ 20 ಮಿಲಿಗ್ರಾಂ ಕೆಫೀನ್ ಹೊಟ್ಟೆಗೆ ಹೋದರೆ ಚಡಪಡಿಕೆ, ವಾಂತಿ, ಬಾಯಾರಿಕೆ ಶುರುವಾಗುತ್ತವೆ. 40ರಿಂದ 50 ಮಿಲಿಗ್ರಾಂಗೆ ಎದೆಬಡಿತ ಹದ ತಪ್ಪುತ್ತದೆ. 60 ದಾಟಿದರೆ ಸೆಳವು ಬರಬಹುದು.

ಈಗ 20 ಕಿಲೋದ ಕಾವಲು ನಾಯಿ ರೊಬಸ್ಟಾ ಪುಡಿಯ ಡಬ್ಬಿ ಉರುಳಿಸಿ ತಿಂದಿತೆನ್ನಿ. 20 ಗ್ರಾಂ ಪುಡಿಗೆ ಮೊದಲ ಹಂತ, 60 ಗ್ರಾಂ ಪುಡಿಗೆ ಸೆಳವಿನ ಹಂತ. ಮನೆಯೊಳಗೆ ಸಾಕುವ 4 ಕಿಲೋದ ಪುಟ್ಟ ನಾಯಿಗಾದರೆ 4 ಗ್ರಾಂ ಮತ್ತು 12 ಗ್ರಾಂ. 12 ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಹೊತ್ತಿಗೆ ಫಿಲ್ಟರಿಗೆ ಹಾಕುವ ಪುಡಿ. ಚಿಕೋರಿಯಲ್ಲಿ ಕೆಫೀನ್ ಇಲ್ಲದ್ದರಿಂದ ಶೇಕಡಾ 40 ಚಿಕೋರಿ ಬೆರೆತ ಪುಡಿಯಾದರೆ ಲೆಕ್ಕ ಅಷ್ಟರಮಟ್ಟಿಗೆ ಇಳಿಯುತ್ತದೆ. ಚಿಕೋರಿಯಿಂದ ಆಗುವ ಉಪಕಾರ ಇದೊಂದಾದರೂ ಉಂಟು! ಡಿಕಾಕ್ಷನ್ ಇಳಿಸಿದ ಮೇಲೆ ಉಳಿಯುವ ಚರಟದಲ್ಲಿಯೂ ಸ್ವಲ್ಪ ಕೆಫೀನ್ ಇದ್ದೇ ಇರುತ್ತದೆ. ಹಾಲು ಸಕ್ಕರೆಯೊಂದಿಗೆ ಬೆರೆತು ಹಿತ್ತಿಲಲ್ಲಿ ಬಿದ್ದರೆ ನಾಯಿ ಬಿಡುವುದಿಲ್ಲ. ಗಿಡದ ಹಣ್ಣನ್ನು ಸಿಹಿಗಾಗಿ ಮೆಲ್ಲುವ ನಾಯಿಗಳೂ ಉಂಟು. ನಾವು ಕಂಡಂತೆ ಬೀಜ ಹೊಟ್ಟಿನ ಸಮೇತ ಇಡಿಯಾಗಿಯೇ ಹೊರಬೀಳುತ್ತದೆ, ತೊಂದರೆಯಾದದ್ದಿಲ್ಲ. ಕಾಫಿಯ ಲಕ್ಷಣಗಳು ತಿಂದ ಒಂದೆರಡು ಗಂಟೆಯೊಳಗೆ ಕಾಣಿಸುತ್ತವೆ. ಆದ್ದರಿಂದ ಡಬ್ಬಿ ಉರುಳಿದ್ದು ಕಂಡ ಕೂಡಲೇ ಡಾಕ್ಟರಿಗೆ ಫೋನು ಮಾಡಬೇಕೇ ಹೊರತು ನಾಯಿ ಕುಣಿಯಲು ಆರಂಭಿಸುವವರೆಗೆ ಕಾಯಕೂಡದು.

ಅಡಿಕೆ ತೋಟದಲ್ಲಿ ಕೋಕೋ ಉಪಬೆಳೆ ಹಾಕಿದವರಿಗೆ ಕೋಕೋದ ಥಿಯೋಬ್ರೋಮಿನ್ ಗೊತ್ತಿರಲಿ. ಅದು ಕೆಫೀನಿನ ದಾಯಾದಿ. ಕೆಫೀನ್ ನಾಯಿಯ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 4.5 ಗಂಟೆ ಬೇಕಾದರೆ ಇದಕ್ಕೆ ಸುಮಾರು 17 ಗಂಟೆ ಬೇಕು. ಚಾಕೊಲೇಟು ನಾಯಿಗೆ ಆಗದೆನ್ನುವುದು ಈ ಕಾರಣಕ್ಕೆ. ಚಾಕೊಲೇಟು ಕಪ್ಪಾದಷ್ಟೂ ಅಪಾಯ ಹೆಚ್ಚು. ಒಣಗಿಸಲು ಹರವಿದ ಕೋಕೋ ಬೀಜವೂ, ಗೊಬ್ಬರಕ್ಕೆ ಹಾಕುವ ಬೀಜದ ಸಿಪ್ಪೆಯೂ ಇದೇ ಜಾತಿಗೆ ಸೇರಿದವು.

ಅಡಿಕೆಯ ವಿಷಯದಲ್ಲಿ ಹಿರಿಯರು ಕೆಲವರು ಒಂದು ಪ್ರಶ್ನೆ ಕೇಳುತ್ತಾರೆ: ಹಿಂದೆ ನಾಯಿಗೆ ಜಂತುಹುಳು ಬಿದ್ದರೆ ಅಡಿಕೆಯನ್ನೇ ಅರೆದು ಹಾಕುತ್ತಿದ್ದರಲ್ಲ, ಈಗ ಏಕೆ ಬೇಡವೆನ್ನುತ್ತೀರಿ? ಹಾಕುತ್ತಿದ್ದದ್ದು ನಿಜ. ಇಂಗ್ಲೆಂಡಿನಲ್ಲಿ ಕೂಡ 19ನೇ ಶತಮಾನದಲ್ಲಿ ನಾಯಿಯ ಲಾಡಿಹುಳಕ್ಕೆ ಅಡಿಕೆ ಪುಡಿಯೇ ಔಷಧ. ಅಡಿಕೆಯ ಸತ್ವವಾದ ಅರೆಕೋಲಿನನ್ನು ನ್ಯೂಜಿಲೆಂಡಿನಲ್ಲಿ ನಾಯಿಯಿಂದ ಮನುಷ್ಯರಿಗೆ ಹರಡುವ ಲಾಡಿಹುಳದ ಗಡ್ಡೆರೋಗವನ್ನು ತಡೆಯುವ ಕಾರ್ಯಕ್ರಮದಲ್ಲಿ ದಶಕಗಳ ಕಾಲ ಬಳಸಿದರು. ನಮ್ಮ ಬೆಳೆಗೆ ಇದು ಹೆಮ್ಮೆಯ ವಿಷಯವೇ. ಆದರೆ ಔಷಧ ಕೆಲಸ ಮಾಡುತ್ತಿದ್ದದ್ದು ಕರುಳನ್ನು ಹಿಂಡಿ ಎಲ್ಲವನ್ನೂ ಹೊರಹಾಕಿಸಿ. ಮದ್ದಿಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು. ಹೆಚ್ಚಾದರೆ ಜೊಲ್ಲು ಸುರಿದು, ವಾಂತಿ ಭೇದಿಯಾಗಿ, ಎದೆಬಡಿತ ನಿಧಾನವಾಗಿ ನಾಯಿ ಕುಸಿಯುತ್ತದೆ. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಎಂಬ ಔಷಧ ಬಂದ ಮೇಲೆ ಅಡಿಕೆಯ ಅಗತ್ಯವೇ ತಪ್ಪಿತು. ಇನ್ನು ತಂಬಾಕು ಸೇರಿದ ತಾಂಬೂಲ, ಗುಟ್ಕಾದ ಚೀಟಿ ಇವುಗಳಲ್ಲಿ ನಿಕೋಟಿನ್ ವಿಷವೂ ಸೇರುತ್ತದೆ. ಕಣದ ಸುತ್ತ ಅವನ್ನು ಎಸೆಯದಂತೆ ಆಳುಗಳಿಗೆ ಹೇಳಿಡಬೇಕು.

ಎಲುಬು, ಕೊಬ್ಬು, ಬೂಸ್ಟು

ಹಬ್ಬದ ಮರುದಿನ ಪಶು ಆಸ್ಪತ್ರೆಗೆ ಬರುವ ನಾಯಿಗಳಲ್ಲಿ ಅನೇಕವು ಕೊಬ್ಬು ತಿಂದವು. ಹಂದಿಮಾಂಸದ ಕೊಬ್ಬು, ಕೋಳಿಯ ಚರ್ಮ, ಬಾಣಲೆಯ ಎಣ್ಣೆ ಒಂದೇ ಸಲ ಹೊಟ್ಟೆಗೆ ಬಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ನಾಯಿ ಮತ್ತೆ ಮತ್ತೆ ವಾಂತಿ ಮಾಡುತ್ತದೆ, ಹೊಟ್ಟೆ ಮುಟ್ಟಿದರೆ ಮುಲುಕುತ್ತದೆ. ಕೆಲವು ನಾಯಿಗಳು ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತಿ, ನಮಸ್ಕಾರ ಮಾಡುವ ಹಾಗೆ ನಿಲ್ಲುತ್ತವೆ. ಆ ಭಂಗಿ ಕಂಡರೆ ಅದು ಹೊಟ್ಟೆನೋವೆಂದು ತಿಳಿಯತಕ್ಕದ್ದು. ಬೇಯಿಸಿದ ಕೋಳಿ ಎಲುಬು ಚೂಪಾಗಿ ಸೀಳಿ ಗಂಟಲು, ಕರುಳುಗಳಲ್ಲಿ ನಾಟುತ್ತದೆ. ಮಾವಿನ ಓಟೆ, ಬೆಣ್ಣೆಹಣ್ಣಿನ ಬೀಜ, ಮುಸುಕಿನ ಜೋಳದ ದಿಂಡು ಇವು ಕರುಳಿಗೆ ಬಿರಡೆಯಂತೆ ಕೂರುತ್ತವೆ. ಇವನ್ನು ನುಂಗಿದಾಗ ವಾಂತಿ ಮಾಡಿಸಲು ಹೋಗಬಾರದು.

ಮಳೆಗಾಲದಲ್ಲಿ ನಮ್ಮಲ್ಲಿ ಅನ್ನಕ್ಕೆ, ರೊಟ್ಟಿಗೆ, ಕಡಲೆ ಹಿಂಡಿಗೆ ಬೂಸ್ಟು ಹಿಡಿಯುವುದು ಎರಡು ದಿನದ ಕೆಲಸ. ಬೂಸ್ಟಿನ ಕೆಲವು ಜಾತಿಗಳ ವಿಷದಿಂದ ನಾಯಿಗೆ ಕೆಲವೇ ಗಂಟೆಗಳಲ್ಲಿ ಮೈ ನಡುಕ, ಸೆಳವು ಬರುತ್ತದೆ. ಬೂಸ್ಟು ಹಿಡಿದ ಕಡಲೆ, ಜೋಳಗಳಲ್ಲಿ ಬೆಳೆಯುವ ಅಫ್ಲಟಾಕ್ಸಿನ್ ಯಕೃತ್ತನ್ನು ತಿನ್ನುತ್ತದೆ. ನಾವು ತಿನ್ನಲು ಹಿಂಜರಿಯುವುದು ನಾಯಿಗೂ ಬೇಡ.

ಪೇಟೆಯಿಂದ ಬರುವ ಸಕ್ಕರೆರಹಿತ ಚೂಯಿಂಗ್ ಗಮ್, ಮಿಠಾಯಿಗಳ ಚೀಟಿಯಲ್ಲಿ ಕ್ಸೈಲಿಟಾಲ್ ಎಂಬ ಹೆಸರಿದೆಯೇ ನೋಡಿ. ಅದು ನಾಯಿಯ ರಕ್ತದ ಸಕ್ಕರೆಯನ್ನು ಅರ್ಧ ಗಂಟೆಯಲ್ಲಿ ಕೂಡ ಕುಸಿಯುವಂತೆ ಮಾಡಬಲ್ಲದು. ಕಿಲೋ ತೂಕಕ್ಕೆ 0.1 ಗ್ರಾಂ ಸಾಕು. ಸಕ್ಕರೆ ಕಾಯಿಲೆಯವರಿರುವ ಮನೆಗಳಲ್ಲಿ ಈ ಎಚ್ಚರ ಹೆಚ್ಚು ಬೇಕು.

ಊಟದಿಂದ ಬಂದದ್ದೆಂದು ತೋರಿ ಮೋಸಮಾಡುವ ರೋಗಗಳು

ಸದಸ್ಯರು ಉಳಿದದ್ದನ್ನೆಲ್ಲ ಮರೆತರೂ ಈ ಭಾಗವನ್ನು ಮನೆಯವರಿಗೂ ಆಳುಗಳಿಗೂ ಓದಿ ಹೇಳಬೇಕೆಂದು ಕೋರುತ್ತೇವೆ. ನಾಯಿ ಬಾಯಿ ತೆರೆದುಕೊಂಡಿದೆ, ಕೆಳದವಡೆ ಜೋತಿದೆ, ಜೊಲ್ಲು ಸುರಿಯುತ್ತಿದೆ, ನೀರನ್ನೂ ನುಂಗಲಾರದು. ನೋಡಿದವರು ತಕ್ಷಣ ಹೇಳುವ ಮಾತು: ಗಂಟಲಿಗೆ ಎಲುಬು ಸಿಕ್ಕಿದೆ. ಒಬ್ಬರು ತಲೆ ಹಿಡಿಯುತ್ತಾರೆ, ಇನ್ನೊಬ್ಬರು ಬಾಯಿಗೆ ಕೈ ಹಾಕಿ ಹುಡುಕುತ್ತಾರೆ. ಎಲುಬು ಸಿಗುವುದಿಲ್ಲ. ಏಕೆಂದರೆ ಇದು ರೇಬೀಸ್ ಆಗಿರಬಹುದು. ಕಚ್ಚಲು ಓಡಿಬರುವ ಹುಚ್ಚುನಾಯಿಯನ್ನು ಎಲ್ಲರೂ ಬಲ್ಲರು. ಮಂಕಾಗಿ ಕೂತು ದವಡೆ ಜೋತುಬಿಡುವ ಈ ಬಗೆಯನ್ನು ಬಹಳ ಜನ ಅರಿಯರು. ಜೊಲ್ಲಿನಲ್ಲಿ ರೋಗಾಣು ಇರುತ್ತದೆ. ಕೊಯ್ಲಿನ ಕಾಲದಲ್ಲಿ ಬೆರಳಿನ ಮೇಲೆ ಗೀರು, ತರಚು ಇಲ್ಲದ ಕೈ ತೋಟದಲ್ಲಿ ಎಲ್ಲಿದೆ? ಲಕ್ಷಣ ಕಾಣಿಸಿದ ಮೇಲೆ ಮನುಷ್ಯನಿಗೆ ಈ ರೋಗಕ್ಕೆ ಮದ್ದಿಲ್ಲ.

ಆದ್ದರಿಂದ ಇಂಥ ನಾಯಿಯ ಬಾಯಿಗೆ ಕೈ ಹಾಕಕೂಡದು. ಕೋಣೆಯಲ್ಲಿ ಕೂಡಿ ಪಶುವೈದ್ಯರನ್ನು ಕರೆಸಬೇಕು. ಯಾರಾದರೂ ಆಗಲೇ ಕೈ ಹಾಕಿದ್ದರೆ, ಗೀರಿಗೆ ಜೊಲ್ಲು ತಾಗಿದ್ದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ನಾಯಿಗೆ ಪ್ರತಿವರ್ಷ ಲಸಿಕೆ ಹಾಕಿಸಿದ್ದರೂ ಡಾಕ್ಟರು ನೋಡುವವರೆಗೆ ಈ ಎಚ್ಚರ ಬಿಡಬಾರದು.

ಎರಡನೆಯ ಮೋಸ ಮರಿಗಳದ್ದು. ಮೂರು ನಾಲ್ಕು ತಿಂಗಳ ಮರಿ ವಾಂತಿ ಮಾಡಿ ದುರ್ವಾಸನೆಯ ರಕ್ತಭೇದಿ ಮಾಡಿದರೆ ನಾವು ಹಿಂದಿನ ರಾತ್ರಿಯ ಮೀನನ್ನು ದೂರುತ್ತೇವೆ. ಅದು ಹೆಚ್ಚಾಗಿ ಪಾರ್ವೋ ವೈರಸ್. 1978ರಲ್ಲಿ ಜಗತ್ತಿನಲ್ಲಿ ಕಾಣಿಸಿಕೊಂಡ ಈ ರೋಗಕ್ಕೆ ಲಸಿಕೆ ಉಂಟು. ರೋಗ ಬಂದ ಮೇಲೆ ಒಂದು ದಿನ ತಡವೂ ದೊಡ್ಡದು. ಇನ್ನು, ಬೆಳಿಗ್ಗೆ ಚೆನ್ನಾಗಿದ್ದ ನಾಯಿ ಹಠಾತ್ತನೆ ವಾಂತಿ ಮಾಡಿ ಕುಸಿದರೆ ಮುಖ, ಮುಂಗಾಲುಗಳಲ್ಲಿ ಊತವಿದೆಯೇ ನೋಡಿ. ಅಡಿಕೆ ಸೋಗೆಯ ಕೆಳಗಿದ್ದ ಹಾವು ಕಚ್ಚಿರಬಹುದು. ಇಲಿ ಪಾಷಾಣವನ್ನು ನಾವು ಅನ್ನ, ಕೊಬ್ಬರಿಗೆ ಬೆರೆಸಿಯೇ ಇಡುವುದು. ಸಿಂಪಡಣೆಯ ಔಷಧ ಕಲಸಿದ ಬಕೆಟ್ಟಿನಲ್ಲಿಯೇ ಆಮೇಲೆ ನಾಯಿಗೆ ನೀರಿಡುವವರೂ ಇದ್ದಾರೆ. ಮೈಲುತುತ್ತು ಹೊಟ್ಟೆಗೆ ಹೋದ ನಾಯಿಯ ವಾಂತಿ ನೀಲಿ ಹಸಿರಾಗಿರುತ್ತದೆ. ಹೀಗಾಗಿ ವಾಂತಿಯನ್ನು ತೊಳೆಯುವ ಮುಂಚೆ ಒಂದು ಸಲ ನೋಡಿ, ಸ್ವಲ್ಪ ಡಬ್ಬಿಯಲ್ಲಿ ತೆಗೆದಿಟ್ಟುಕೊಳ್ಳುವುದು ಬುದ್ಧಿವಂತಿಕೆ.

ಮನೆಯಲ್ಲಿ ಏನು ಮಾಡಬಹುದು

ಮೊದಲು ಏನು ಮಾಡಬಾರದು ಎಂಬುದನ್ನು ಹೇಳುತ್ತೇವೆ. ವಾಂತಿಯಾಗಲೆಂದು ಉಪ್ಪುನೀರು ಕುಡಿಸುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು, ಬಹಳ ಕೆಟ್ಟದ್ದು. ಕಿಲೋ ತೂಕಕ್ಕೆ 2 ಗ್ರಾಂ ಉಪ್ಪು ನಾಯಿಗೆ ವಿಷ, 4 ಗ್ರಾಂ ಪ್ರಾಣಾಂತಿಕ. ಒಂದು ದೊಡ್ಡ ಚಮಚ ಉಪ್ಪು 17 ಗ್ರಾಂನಷ್ಟು ತೂಗುತ್ತದೆ. 8 ಕಿಲೋದ ನಾಯಿಗೆ ಒಂದು ಚಮಚ ಕದಡಿ ಕುಡಿಸಿ ವಾಂತಿಯಾಗದಿದ್ದರೆ, ತಿಂದ ಎಲುಬಿಗಿಂತ ಕುಡಿಸಿದ ಉಪ್ಪೇ ಹೆಚ್ಚು ಕೆಡಿಸುತ್ತದೆ. ಸಾಸಿವೆ ಅರೆದು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು, ಒಲೆಯ ಇದ್ದಿಲು ತಿನ್ನಿಸುವುದು, ಎಣ್ಣೆ ಕುಡಿಸುವುದು ಇವೂ ಬೇಡ. ವಾಂತಿ ಮಾಡಿಸಬೇಕಾದರೆ ತಿಂದ ಒಂದೆರಡು ಗಂಟೆಯೊಳಗೆ ಡಾಕ್ಟರು ಚುಚ್ಚುಮದ್ದಿನಿಂದ ಮಾಡಿಸುತ್ತಾರೆ. ಔಷಧದ ಇದ್ದಿಲು ಬೇರೆ, ಅದರ ಅಳತೆ ಬೇರೆ. ನಮ್ಮ ಮಾತ್ರೆಗಳಂತೂ ಮುಟ್ಟಲೇಬಾರದು. ನೋವಿನ ಮಾತ್ರೆಗಳು, ಅಂದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್, ಪ್ಯಾರಾಸಿಟಮಾಲ್ ಇಂಥವು ಕಾಯಿಲೆಯ ಮೇಲೆ ಇನ್ನೊಂದು ಕಾಯಿಲೆ ತರುತ್ತವೆ.

ದೊಡ್ಡ ನಾಯಿ, ಒಂದೆರಡು ಸಲ ವಾಂತಿ ಮಾಡಿದೆ, ಆದರೂ ಬಾಲ ಅಲ್ಲಾಡಿಸುತ್ತದೆ, ಕರೆದರೆ ಬರುತ್ತದೆ, ತಿಂದದ್ದು ಮೇಲೆ ಹೇಳಿದ ವಿಷಗಳಲ್ಲಿ ಯಾವುದೂ ಅಲ್ಲ ಎಂದು ಖಚಿತವಾಗಿದೆ ಎನ್ನಿ. ಆಗ ಹನ್ನೆರಡು ಗಂಟೆ ಊಟ ನಿಲ್ಲಿಸಿ ನೋಡಬಹುದು. ನೀರು ನಿಲ್ಲಿಸಕೂಡದು, ಬೋಗುಣಿ ತುಂಬ ಇಡದೆ, ಗಂಟೆಗೊಮ್ಮೆ ಅರ್ಧ ಲೋಟ ಕೊಡಿ. ಮರಿಗಳನ್ನು, ಸಣ್ಣ ಜಾತಿಯ ನಾಯಿಗಳನ್ನು ಉಪವಾಸ ಹಾಕುವುದು ಸರಿಯಲ್ಲ, ಅವುಗಳ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ವಾಂತಿ ನಿಂತ ಮೇಲೆ ಚೆನ್ನಾಗಿ ಬೆಂದ ಮೆತ್ತನೆಯ ಅನ್ನಕ್ಕೆ ಚರ್ಮ, ಎಲುಬು ತೆಗೆದ ಕೋಳಿಮಾಂಸ ಬೇಯಿಸಿ ಬೆರೆಸಿ, ಉಪ್ಪು ಖಾರ ಒಗ್ಗರಣೆ ಏನೂ ಇಲ್ಲದೆ, ಮುಷ್ಟಿಯಷ್ಟನ್ನು ದಿನಕ್ಕೆ ನಾಲ್ಕೈದು ಸಲ ಹಾಕಿ. ಮಾಂಸ ಮಾಡದ ಮನೆಗಳಲ್ಲಿ ಗಂಜಿಯೇ ಆಗುತ್ತದೆ. ಹಾಲು ಬೇಡ, ಭೇದಿ ಹೆಚ್ಚುತ್ತದೆ. ಎರಡು ಮೂರು ದಿನದಲ್ಲಿ ಮಾಮೂಲು ಊಟಕ್ಕೆ ಮೆಲ್ಲಗೆ ತನ್ನಿ.

ಈ ನಡುವೆ ಮೂರು ಪರೀಕ್ಷೆಗಳನ್ನು ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಯಾದದ್ದು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಹೆಗಲ ಮೇಲಿನ ಚರ್ಮ ಹಿಡಿದೆತ್ತಿ ಬಿಟ್ಟರೆ ಕೂಡಲೇ ಮಟ್ಟಸವಾಗಬೇಕು, ಗುಡಾರದ ಹಾಗೆ ನಿಂತರೆ ಮೈಯಲ್ಲಿ ನೀರು ಆರಿದೆ. ಮೂತ್ರದ ಬಣ್ಣ ನೋಡಿ. ನಾವು ಇದೊಂದನ್ನು ಮೊದಲ ದಿನದಿಂದ ನೋಡಿದ್ದರೆ ಕರಿಯನಿಗೆ ಒಂದು ದಿನವಾದರೂ ಮೊದಲು ಮದ್ದು ಸಿಗುತ್ತಿತ್ತು.

ಒಸಡು ಬಿಳಿಚಿದರೆ, ಮೂತ್ರ ಕಪ್ಪಾದರೆ ಅಥವಾ ನಿಂತೇಹೋದರೆ, ವಾಂತಿ ಭೇದಿಯಲ್ಲಿ ರಕ್ತವಿದ್ದರೆ, ಮೈ ನಡುಗಿದರೆ, ಒಂದು ದಿನ ಕಳೆದರೂ ವಾಂತಿ ನಿಲ್ಲದಿದ್ದರೆ ಮತ್ತೆ ಯೋಚನೆ ಬೇಡ, ಹೊರಡಿ. ದೊಡ್ಡ ಜಾತಿಯ ನಾಯಿಗೆ ಹೊಟ್ಟೆ ಡೋಲಿನಂತೆ ಉಬ್ಬಿ, ವಾಂತಿ ಮಾಡಲು ಹೋಗಿ ಏನೂ ಬಾರದಿದ್ದರೆ ಹೊಟ್ಟೆ ತಿರುಚಿಕೊಂಡಿದೆ. ಅದಕ್ಕೆ ಇರುವುದು ಗಂಟೆಗಳ ಲೆಕ್ಕ. ಮಳೆಗಾಲದ ರಾತ್ರಿ ಮರ ಬಿದ್ದು ದಾರಿ ಮುಚ್ಚಿದ್ದರೆ ಏನು ಮಾಡುವುದೆಂದು ಕೇಳಬಹುದು. ಫೋನಾದರೂ ಮಾಡಿ. ಪಶುಸಂಗೋಪನೆ ಇಲಾಖೆಯ 1962 ಸಹಾಯವಾಣಿಯಿದೆ. ತಾಲ್ಲೂಕಿನಲ್ಲಿ ಆಗದ ಚಿಕಿತ್ಸೆಗೆ ಶಿವಮೊಗ್ಗ, ಹಾಸನ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಫೋನಿನಲ್ಲಿ ಡಾಕ್ಟರು ಕೇಳುವುದು ನಾಲ್ಕೇ ಮಾತು: ಏನು ತಿಂದಿತು, ಎಷ್ಟು ತಿಂದಿತು, ಯಾವಾಗ ತಿಂದಿತು, ನಾಯಿಯ ತೂಕ ಎಷ್ಟು. ಮೊದಲ ಮೂರಕ್ಕೆ ಹೇಗೋ ಉತ್ತರ ಹೇಳುತ್ತೇವೆ. ನಾಲ್ಕನೆಯದಕ್ಕೆ ಬಾಯಿ ಕಟ್ಟುತ್ತದೆ.

ಹಣ್ಣು ತೂಗುವ ತಕ್ಕಡಿ ಎಲ್ಲರ ತೋಟದಲ್ಲಿಯೂ ಇದೆ. ಖಾಲಿ ಚೀಲ ಹಾಸಿ ನಾಯಿಯನ್ನು ಅದರ ಮೇಲೆ ಕೂರಿಸಿ. ಕೂರದಿದ್ದರೆ ಎತ್ತಿಕೊಂಡು ನೀವೇ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಡಾಕ್ಟರ ಫೋನ್ ನಂಬರಿನ ಪಕ್ಕ ಅದನ್ನು ಬರೆದಿಡಿ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಈಗ ಬರೆದಿದೆ: ಕರಿಯ, 19 ಕಿಲೋ.